ಮನೆಯ ಸರ್ವರಿನಿಂದ ಹೊರಟ ಪತ್ರ ಎಲ್ಲಿ ನಿಂತಿತು: ಒಂದು ಪ್ರಕರಣ ಅಧ್ಯಯನ

ಸಾಗರ ತಾಲ್ಲೂಕಿನ ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ, ಇಂಟರ್‌ನೆಟ್ ರೂಟರಿನ ಪಕ್ಕದಲ್ಲಿ, ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. ಊರಿನ ಓದುಗರ ಬಳಗದ ಪುಸ್ತಕ ಭಂಡಾರದ ಜಾಲತಾಣ ನಡೆಯುವುದು ಅದರ ಮೇಲೆ. ಡೆಬಿಯನ್ 12ನ್ನು ಆಧರಿಸಿದ ಲಿನಕ್ಸ್, ಪುಟಗಳನ್ನು ಒದಗಿಸುವ ವೆಬ್ ಸರ್ವರ್ ಅಪಾಚೆ, ತಾಣದ ಕೋಡ್ ಬರೆದಿರುವ ಭಾಷೆ ಪಿಎಚ್‌ಪಿ, ಅಂಚೆಯ ಕೆಲಸಕ್ಕೆ ಪೋಸ್ಟ್‌ಫಿಕ್ಸ್. ಇಷ್ಟೇ ಅದರ ಸರಂಜಾಮು. ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂಬುದನ್ನು ಸದಸ್ಯರು ಅಲ್ಲಿ ನೋಡುತ್ತಾರೆ, ಬೇಕಾದುದನ್ನು ಕಾಯ್ದಿರಿಸುತ್ತಾರೆ. ತಾಣದಿಂದ ಮೂರು ಬಗೆಯ ಇಮೇಲ್ ಹೊರಡಬೇಕು: ಹೊಸ ಸದಸ್ಯರ ದೃಢೀಕರಣ, ಪಾಸ್‌ವರ್ಡ್ ಮರೆತವರಿಗೆ ಹೊಸ ಕೊಂಡಿ, ಪುಸ್ತಕ ಹಿಂದಿರುಗಿಸುವ ದಿನದ ನೆನಪೋಲೆ. ಒಂದು ಮಳೆಗಾಲದ ಸಂಜೆ ಬಳಗದ ಹಿರಿಯ ಸದಸ್ಯರಾದ ನಿವೃತ್ತ ಮೇಷ್ಟ್ರು ಫೋನು ಮಾಡಿ, “ತಮ್ಮಾ, ಮೂರು ಸಲ ಒತ್ತಿದೆ, ‘ಕಳಿಸಲಾಗಿದೆ’ ಅಂತ ಬರ್ತದೆ, ಪತ್ರ ಮಾತ್ರ ಬರ್ಲಿಲ್ಲ” ಎಂದರು. ಈ ಬರಹ ಆ ಒಂದು ಮಾತಿನಿಂದ ಆರಂಭವಾದ ಹುಡುಕಾಟದ ಪೂರ್ಣ ವಿವರ. ಮನೆಯಲ್ಲಿ ಸರ್ವರ್ ಇಟ್ಟುಕೊಂಡ ಯಾರಿಗಾದರೂ ಇದೇ ಸರಪಳಿ ಇದೇ ಕ್ರಮದಲ್ಲಿ ಎದುರಾಗಬಹುದಾದ್ದರಿಂದ, ನಾನು ತಪ್ಪಾಗಿ ಅರ್ಥ ಮಾಡಿಕೊಂಡ ಕಡೆಗಳನ್ನೂ ಬಿಡದೆ ಬರೆದಿದ್ದೇನೆ.

ಮೊದಲು ನೋಡಬೇಕಾದದ್ದು ‘ಕಳಿಸಲಾಗಿದೆ’ ಎಂಬ ಆ ಮಾತನ್ನೇ. ಪಿಎಚ್‌ಪಿಯ ಮೇಲ್ ಫಂಕ್ಷನ್ ‘ಸರಿ’ ಎಂಬ ಉತ್ತರ ಕೊಟ್ಟರೆ ಅದರ ಅರ್ಥ, ಪತ್ರವನ್ನು ಅದೇ ಯಂತ್ರದಲ್ಲಿರುವ ಅಂಚೆ ತಂತ್ರಾಂಶ ಕೈಗೆ ತೆಗೆದುಕೊಂಡಿತು ಎಂದಷ್ಟೆ. ಓಣಿಯ ಅಂಚೆ ಪೆಟ್ಟಿಗೆಗೆ ಲಕೋಟೆ ಹಾಕಿದ ಮಾತ್ರಕ್ಕೆ ಬೆಂಗಳೂರಿನ ಮನೆಗೆ ಅದು ತಲುಪಿತೆಂದು ನಾವು ಹೇಳುವುದಿಲ್ಲ. ಹಾಗಾಗಿ ಪತ್ರ ಕೊನೆಯದಾಗಿ ಯಾರ ಕೈಯಲ್ಲಿತ್ತು, ಅವರು ಏನು ಬರೆದಿಟ್ಟಿದ್ದಾರೆ ಎಂದು ಒಂದೊಂದೇ ಕೈ ದಾಟಿ ಕೇಳುತ್ತ ಹೋಗುವುದೆಂದು ನಿಶ್ಚಯಿಸಿದೆ.

ಪೋಸ್ಟ್‌ಫಿಕ್ಸ್ ಬರೆದಿಟ್ಟದ್ದನ್ನು ಓದಲು ಹೋದಾಗಲೇ ಮೊದಲ ತೊಡಕು ಎದುರಾಯಿತು. ಹಳೆಯ ಡೆಬಿಯನ್‌ನಲ್ಲಿ ಅಂಚೆಯ ಲಾಗ್, ಅಂದರೆ ನಡೆದುದರ ದಾಖಲೆ, ಒಂದು ಪ್ರತ್ಯೇಕ ಕಡತದಲ್ಲಿ ಇರುತ್ತಿತ್ತು. ಈ ಯಂತ್ರದಲ್ಲಿ ಆ ಕಡತವೇ ಇರಲಿಲ್ಲ. ಲಾಗ್ ಬರೆಯುವುದೇ ನಿಂತಿದೆಯೆಂದು ನಾನು ಭಾವಿಸಿದೆ. ನಿಜವಾದ ಕಾರಣವೆಂದರೆ, 12ನೆಯ ಆವೃತ್ತಿಯಿಂದ ಆ ಕಡತಗಳನ್ನು ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಅನುಸ್ಥಾಪನೆಯಾಗುವುದಿಲ್ಲ, ಎಲ್ಲ ದಾಖಲೆಯೂ ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಜರ್ನಲ್‌ನಲ್ಲಿ ಸೇರುತ್ತದೆ. ಜರ್ನಲ್‌ನಲ್ಲಿ ಪೋಸ್ಟ್‌ಫಿಕ್ಸ್‌ನ ಸಾಲುಗಳನ್ನು ಮಾತ್ರ ಸೋಸಿ ತೆಗೆದಾಗ ಪರದೆಯ ತುಂಬ ಒಂದೇ ಮಾತು: ‘ಸ್ಟೇಟಸ್ ಡಿಫರ್ಡ್’ (ಮುಂದೂಡಲಾಗಿದೆ), ಅದರ ಮುಂದೆ ‘ಕನೆಕ್ಷನ್ ಟೈಮ್ಡ್ ಔಟ್’. ಸರದಿಯನ್ನು ತೋರಿಸುವ ಮೇಲ್‌ಕ್ಯೂ ಆಜ್ಞೆ ಕೊಟ್ಟೆ. ಮೇಷ್ಟ್ರ ವಿಳಾಸ ಮೂರು ಬಾರಿ ಇತ್ತು. ಅವರು ಮೂರು ಸಲ ಒತ್ತಿದ್ದು ಅಕ್ಷರಶಃ ನಿಜವಾಗಿತ್ತು.

ಹಾಗಾದರೆ ಇಷ್ಟು ದಿನ ನನಗೇಕೆ ಸುಳಿವು ಸಿಗಲಿಲ್ಲ? ತಲುಪದ ಪತ್ರವನ್ನು ಪೋಸ್ಟ್‌ಫಿಕ್ಸ್ ಎಸೆದುಬಿಡುವುದಿಲ್ಲ. ಮೊದಲಿಗೆ ಕೆಲವು ನಿಮಿಷಗಳ ಅಂತರದಲ್ಲಿ, ಬಳಿಕ ಗಂಟೆಗೊಮ್ಮೆ ಎಂಬಂತೆ ಯತ್ನಿಸುತ್ತ ಹೋಗಿ, ನಾವು ಬೇರೆ ಹೇಳದಿದ್ದರೆ 5 ದಿನಗಳ ಬಳಿಕ ಕಳಿಸಿದವರಿಗೆ ಹಿಂದಿರುಗಿಸುತ್ತದೆ. ‘ಕಳಿಸಿದವರು’ ಎಂದರೆ ಪತ್ರದೊಳಗೆ ಕಾಣುವ ವಿಳಾಸದವರಲ್ಲ, ಲಕೋಟೆಯ ಮೇಲೆ ಬರೆದ ವಿಳಾಸದವರು. ಪಿಎಚ್‌ಪಿಯಿಂದ ಹೊರಟ ಪತ್ರದ ಲಕೋಟೆಯ ಮೇಲೆ, ವೆಬ್ ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆಯೋ ಆ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಹೆಸರೇ ಬೀಳುತ್ತದೆ. ಆ ಹೆಸರಿನ ಟಪಾಲು ಯಂತ್ರದೊಳಗಿನ ಒಂದು ಕಡತಕ್ಕೆ ಸೇರುತ್ತದೆ, ಅದನ್ನು ಯಾರೂ ತೆರೆಯುವುದಿಲ್ಲ. ಅಂದು ತೆರೆದೆ. ಹಿಂದಿನ ವಾರಗಳಲ್ಲಿ ಮರಳಿ ಬಂದ ಪತ್ರಗಳೆಲ್ಲ ಅಲ್ಲಿ ಸಾಲಾಗಿ ಬಿದ್ದಿದ್ದವು. ಯಾವ ಹುಡುಗಿ ಸದಸ್ಯಳಾಗಲು ಅರ್ಜಿ ಹಾಕಿ ಉತ್ತರವಿಲ್ಲದೆ ಕೈಬಿಟ್ಟಳು, ಯಾರಿಗೆ ನೆನಪೋಲೆ ಸಿಗದೆ ಪುಸ್ತಕ ತಡವಾಯಿತು ಎಂಬುದೆಲ್ಲ ಅದರಲ್ಲಿತ್ತು. ತಡವಾಯಿತೆಂದು ಒಬ್ಬರಿಂದ ನಾವು ದಂಡವನ್ನೂ ಪಡೆದಿದ್ದೆವು. ಮರುದಿನವೇ ಅದನ್ನು ಹಿಂದಿರುಗಿಸಿದೆವು.

ಇನ್ನು ಸಂಪರ್ಕ ಏಕೆ ಆಗುತ್ತಿಲ್ಲ ಎಂಬ ಪ್ರಶ್ನೆ. ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ಗಮನಿಸಬೇಕು. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ಆಚೆ ಯಾರೋ ಇದ್ದು ಬಾಗಿಲು ತೆರೆಯಲಾರೆ ಎಂದರು ಎಂದರ್ಥ. ‘ಟೈಮ್ಡ್ ಔಟ್’ ಎಂದರೆ ನಮ್ಮ ಕರೆ ನಡುದಾರಿಯಲ್ಲಿ ಸದ್ದಿಲ್ಲದೆ ಬಿದ್ದುಹೋಗಿರುವ ಸಂಭವ ಹೆಚ್ಚು. ಹೋಗಿಬರುವ ಮಾಹಿತಿಯ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ ನೋಡಿದಾಗ, ಜಿಮೇಲ್‌ನ ಅಂಚೆ ಸರ್ವರಿನ 25ನೆಯ ಪೋರ್ಟಿಗೆ, ಅಂದರೆ ಆ ಸಂಖ್ಯೆಯ ಬಾಗಿಲಿಗೆ, ನಮ್ಮ ಯಂತ್ರದಿಂದ ಸಂಪರ್ಕದ ಕೋರಿಕೆ ಮತ್ತೆ ಮತ್ತೆ ಹೊರಡುತ್ತಿತ್ತು, ಉತ್ತರದ ಪ್ಯಾಕೆಟ್ ಒಂದೂ ಮರಳುತ್ತಿರಲಿಲ್ಲ. ಹಾಗಾಗಿ ಯಂತ್ರದ ಫೈರ್‌ವಾಲ್ ತಪ್ಪಿತಸ್ಥನಲ್ಲ. ಅದೇ ವೈಫೈಗೆ ಸೇರಿದ ಲ್ಯಾಪ್‌ಟಾಪ್‌ನಿಂದ ಯತ್ನಿಸಿದರೂ ಅದೇ ಫಲ. ಆದರೆ 587 ಮತ್ತು 465ನೆಯ ಪೋರ್ಟುಗಳಿಗೆ ಎರಡೂ ಯಂತ್ರಗಳಿಂದ ಕ್ಷಣಮಾತ್ರದಲ್ಲಿ ಸಂಪರ್ಕ ದೊರೆಯಿತು. ಇಂಟರ್‌ನೆಟ್ ಕೊಡುವ ಸಂಸ್ಥೆಯೇ 25ನ್ನು ಮುಚ್ಚಿದೆ ಎಂಬ ತೀರ್ಮಾನಕ್ಕೆ ಇಷ್ಟು ಸಾಕು; ಕೇಳಿದಾಗ ಅವರೂ ಮನೆಯ ಸಂಪರ್ಕಗಳಿಗೆ ಇದು ತಮ್ಮ ನಿಯಮವೆಂದು ಒಪ್ಪಿದರು.

ಈ ನಿಯಮವನ್ನು ನಾನು ದೂರುವುದಿಲ್ಲ. 25ನೆಯ ಪೋರ್ಟು ಒಂದು ಅಂಚೆ ಸರ್ವರ್ ಇನ್ನೊಂದು ಅಂಚೆ ಸರ್ವರಿನೊಡನೆ ಮಾತಾಡುವ ಹಾದಿ. 1982ರಲ್ಲಿ ಇಮೇಲ್ ಸಾಗಿಸುವ ಎಸ್‌ಎಂಟಿಪಿಯ ಕಟ್ಟಳೆ ಬರೆದಾಗ ಅಲ್ಲಿ ಕಳಿಸುವವರ ಗುರುತು ಕೇಳುವ ಪದ್ಧತಿ ಇರಲಿಲ್ಲ. ವೈರಸ್ ತಗುಲಿದ ಮನೆಯ ಕಂಪ್ಯೂಟರುಗಳು ತಮ್ಮ ಒಡೆಯರಿಗೆ ತಿಳಿಯದಂತೆ ಇದೇ ಹಾದಿಯಿಂದ ರಾಶಿ ರಾಶಿ ಸ್ಪ್ಯಾಮ್ ಕಳಿಸುತ್ತಿದ್ದುದರಿಂದ ಪ್ರಪಂಚದ ಹಲವೆಡೆ ಮನೆಯ ಸಂಪರ್ಕಗಳಿಗೆ ಅದನ್ನು ಮುಚ್ಚಿದರು. ಬಳಕೆದಾರರು ತಮ್ಮ ಪತ್ರವನ್ನು ಒಪ್ಪಿಸಲೆಂದೇ 1998ರಲ್ಲಿ 587ನೆಯ ಪೋರ್ಟನ್ನು ಬೇರೆಯಾಗಿ ಗೊತ್ತುಪಡಿಸಿದ್ದಾರೆ, ಅಲ್ಲಿ ಈಗ ಹೆಸರು ಮತ್ತು ಪಾಸ್‌ವರ್ಡ್ ಕೊಡಬೇಕು.

25ನ್ನು ತೆರೆಸಿಕೊಂಡರೆ ಸಾಲದೇ ಎಂದು ಬಳಗದ ಗೆಳೆಯರೊಬ್ಬರು ಕೇಳಿದರು. ಸಾಲದು, ಮತ್ತು ಏಕೆ ಸಾಲದು ಎಂದು ಪರೀಕ್ಷಿಸಿಯೇ ನೋಡಿದೆ. ಮೊದಲನೆಯದು ವಿಳಾಸದ ಸ್ವರೂಪ. ರೂಟರಿನ ಹೊರಮುಖದ ಐಪಿ ವಿಳಾಸ 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದ್ದಾರೆಂದು ತಿಳಿಯಬೇಕು. ನಮ್ಮದು ಹಾಗಿರಲಿಲ್ಲ, ಆದರೆ ಆಗಾಗ ಬದಲಾಗುವಂಥದ್ದು. ಎರಡನೆಯದು ಹಿಮ್ಮುಖ ಡಿಎನ್‌ಎಸ್. ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್; ಇದು ಅದರ ತಿರುಗು, ಅಂದರೆ ಐಪಿ ವಿಳಾಸದಿಂದ ಹೆಸರನ್ನು ಹುಡುಕುವ ಪಿಟಿಆರ್ ದಾಖಲೆ. ನಮ್ಮ ವಿಳಾಸಕ್ಕೆ ಸಿಕ್ಕ ಹೆಸರಿನಲ್ಲಿ ನಮ್ಮ ಡೊಮೇನಿನ ಸುಳಿವೂ ಇರದೆ ಐಪಿಯ ಅಂಕಿಗಳನ್ನೇ ಪೋಣಿಸಿದ್ದರು. ಇದನ್ನು ತಿದ್ದುವ ಅಧಿಕಾರ ಐಪಿಯ ಒಡೆಯರದು, ನಮ್ಮ ಡೊಮೇನಿನ ಫಲಕದಲ್ಲಿ ಏನು ಬರೆದರೂ ಅದು ಬದಲಾಗದು. ಮೂರನೆಯದು ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಎಂಬ ಪಟ್ಟಿ.

ಈ ಪಟ್ಟಿಯನ್ನು ಕೇಳುವಾಗ ನಾನೊಂದು ತಪ್ಪು ಮಾಡಿ ಅರ್ಧ ದಿನ ಕಳೆದೆ. ಐಪಿಯ ನಾಲ್ಕು ಅಂಕಿಗಳನ್ನು ತಿರುಗುಮುರುಗಾಗಿ ಬರೆದು, ಪಟ್ಟಿಯ ಹೆಸರನ್ನು ಹಿಂದೆ ಸೇರಿಸಿ ಡಿಎನ್‌ಎಸ್‌ಗೆ ಕೇಳಬೇಕು. ನನಗೆ 127.255.255.254 ಎಂಬ ಉತ್ತರ ಬಂತು. ಉತ್ತರ ಬಂದಿತೆಂದ ಮೇಲೆ ಕಪ್ಪುಪಟ್ಟಿಗೆ ಸೇರಿದ್ದೇವೆಂದು ತಿಳಿದು, ಯಂತ್ರಕ್ಕೆ ಯಾರೋ ಹೊಕ್ಕು ಸ್ಪ್ಯಾಮ್ ಕಳಿಸಿರಬಹುದೆಂದು ಗಾಬರಿಗೊಂಡು, ಚಾಲನೆಯಲ್ಲಿದ್ದ ಒಂದೊಂದು ಪ್ರಕ್ರಿಯೆಯನ್ನೂ ಜಾಲಾಡಿದೆ. ಆ ಅಂಕಿಯ ಅರ್ಥ ಬೇರೆಯೇ: ಎಲ್ಲರೂ ಬಳಸುವ ಸಾರ್ವಜನಿಕ ಡಿಎನ್‌ಎಸ್‌ನ ಮೂಲಕ ಕೇಳಿದ್ದೀರಿ, ಉತ್ತರ ಕೊಡಲಾಗದು ಎಂದು. ರೂಟರಿಗೆ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ 8.8.8.8 ಎಂದು ಕೊಟ್ಟಿದ್ದವನು ನಾನೇ. ಯಂತ್ರದಲ್ಲೇ ಅನ್‌ಬೌಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಹಾಕಿ ನೇರವಾಗಿ ಕೇಳಿದಾಗ 127.0.0.11 ಬಂತು. ಇದು ಪಿಬಿಎಲ್‌ನ ಗುರುತು, ಮತ್ತು ಇದು ಆರೋಪವಲ್ಲ. ಈ ಸಾಲಿನ ವಿಳಾಸಗಳು ಮನೆಬಳಕೆಯವು, ಇವುಗಳಿಂದ ನೇರವಾಗಿ ಅಂಚೆ ಬರುವ ಕಾರಣವಿಲ್ಲ ಎಂಬ ಘೋಷಣೆಯಷ್ಟೆ. ಅದನ್ನು ಆಧರಿಸಿ ಬಾಗಿಲಲ್ಲೇ ನಿರಾಕರಿಸುವ ಅಂಚೆ ಸರ್ವರುಗಳು ಬಹಳ. ಹೀಗಾಗಿ ಮನೆಯಿಂದ ನೇರವಾಗಿ ಕಳಿಸುವ ವಿಚಾರವನ್ನು ಅಲ್ಲಿಗೇ ಕೈಬಿಟ್ಟು, ನಮ್ಮ ಡೊಮೇನಿಗೆ ಅಂಚೆಪೆಟ್ಟಿಗೆ ಕೊಟ್ಟಿರುವ ಸೇವೆಯ ಸರ್ವರಿಗೆ 587ರಲ್ಲಿ ಪತ್ರ ಒಪ್ಪಿಸಿ ಮುಂದಕ್ಕೆ ಸಾಗಿಸುವುದೆಂದು, ಅಂದರೆ ರಿಲೇ ಬಳಸುವುದೆಂದು ತೀರ್ಮಾನಿಸಿದೆ. ವೈಯಕ್ತಿಕ ಜಿಮೇಲ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನೇ ರಿಲೇಯಾಗಿ ಬಳಸುವವರೂ ಇದ್ದಾರೆ. ಬಳಗದ ಪತ್ರ ಒಬ್ಬರ ಖಾಸಗಿ ವಿಳಾಸದಿಂದ ಹೋಗಬಾರದೆಂದು ನಾನು ಅದನ್ನು ಆರಿಸಲಿಲ್ಲ.

ರಿಲೇಯನ್ನು ಚಾಲನೆಗೆ ತರುವ ಮುನ್ನ ಮಾಡಲೇಬೇಕಾದ ಒಂದು ಕೆಲಸವನ್ನು ಅನೇಕರು ಮರೆಯುತ್ತಾರೆ. ದಾರಿ ತೆರೆದ ಗಳಿಗೆಯಲ್ಲಿ ಸರದಿಯಲ್ಲಿ ನಿಂತ ಹಳೆಯ ಪತ್ರಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಪಾಸ್‌ವರ್ಡಿನ ಕೊಂಡಿಗೆ ಒಂದು ಗಂಟೆಯ ಆಯಸ್ಸು ಮಾತ್ರ. ಸತ್ತ ಕೊಂಡಿಗಳು ಮೂರು ಮೂರು ಸಲ ಬಂದರೆ ಸದಸ್ಯರು ಕಂಗೆಡುತ್ತಾರೆ, ಹೊಸ ರಿಲೇಯ ಕಣ್ಣಿಗೂ ಅದು ಸ್ಪ್ಯಾಮಿನ ಹಾಗೆ ಕಾಣುತ್ತದೆ. ಆದ್ದರಿಂದ ಸರದಿಯಲ್ಲಿದ್ದ ಪತ್ರಗಳನ್ನು ಪೋಸ್ಟ್‌ಸೂಪರ್ ಆಜ್ಞೆಯಿಂದ ಮೊದಲು ತಡೆಹಿಡಿದು, ವಿಳಾಸಗಳನ್ನು ಬರೆದುಕೊಂಡು, ನಂತರ ಅಳಿಸಿದೆ. ಆ ಸದಸ್ಯರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ವಿಷಯ ತಿಳಿಸಿದೆವು.

ಪೋಸ್ಟ್‌ಫಿಕ್ಸ್‌ನ ಮುಖ್ಯ ಸಂರಚನಾ ಕಡತದಲ್ಲಿ ರಿಲೇಹೋಸ್ಟ್ ಎಂಬ ಸಾಲಿಗೆ ಸೇವೆಯ ಸರ್ವರಿನ ಹೆಸರನ್ನು ಚೌಕ ಆವರಣದೊಳಗೆ ಬರೆದು ಮುಂದೆ 587 ಸೇರಿಸಿದೆ. ಚೌಕ ಆವರಣವಿಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಆ ಹೆಸರಿಗೆ ಬರುವ ಅಂಚೆ ಯಾವ ಯಂತ್ರಕ್ಕೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ಹುಡುಕಿಕೊಂಡು ಬೇರೆ ಯಂತ್ರಕ್ಕೆ ಹೋಗಬಹುದು. ಪಾಸ್‌ವರ್ಡ್ ಇರುವ ಕಡತಕ್ಕೆ 600 ಅನುಮತಿ (ಒಡೆಯನಿಗೆ ಮಾತ್ರ ಓದಲು, ಬರೆಯಲು) ಕೊಟ್ಟು, ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಓಡಿಸಿ, ಟಿಎಲ್‌ಎಸ್ ಗೂಢಲಿಪಿಯನ್ನು ಕಡ್ಡಾಯ ಮಾಡಿದೆ. ಪರೀಕ್ಷೆಯ ಪತ್ರ ಕಳಿಸಿದಾಗ ಜರ್ನಲ್‌ನಲ್ಲಿ ಹೊಸ ದೂರು: ಎಸ್‌ಎಎಸ್‌ಎಲ್ ದೃಢೀಕರಣ, ಅಂದರೆ ಹೆಸರು-ಪಾಸ್‌ವರ್ಡಿನ ಗುರುತು, ವಿಫಲ. ದೃಢೀಕರಣ ಎಂಬ ಪದ ಕಂಡೊಡನೆ ಕೈ ಪಾಸ್‌ವರ್ಡ್ ಬದಲಿಸಲು ಹೋಗುತ್ತದೆ. ಸಾಲನ್ನು ಕೊನೆಯವರೆಗೆ ಓದಿದ್ದರಿಂದ ಆ ವ್ಯರ್ಥ ಶ್ರಮ ತಪ್ಪಿತು. ಕೊನೆಯಲ್ಲಿ ‘ನೋ ಮೆಕ್ಯಾನಿಸಂ ಅವೈಲಬಲ್’ ಎಂದಿತ್ತು. ಸರ್ವರ್ ಪಾಸ್‌ವರ್ಡನ್ನು ತಿರಸ್ಕರಿಸಿರಲಿಲ್ಲ, ಅದನ್ನು ಹೇಳುವ ವಿಧಾನವೇ ನಮ್ಮ ಯಂತ್ರಕ್ಕೆ ತಿಳಿದಿರಲಿಲ್ಲ. ಡೆಬಿಯನ್‌ನಲ್ಲಿ ಆ ವಿಧಾನಗಳು ಲಿಬ್‌ಸಾಸಲ್2-ಮಾಡ್ಯೂಲ್ಸ್ ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿರುತ್ತವೆ, ನಾನು ಅದನ್ನು ಹಾಕಿರಲಿಲ್ಲ.

ಅದನ್ನು ಹಾಕಿದ ಮೇಲೆ ದೂರು ಮತ್ತೊಂದು ಹೆಜ್ಜೆ ಮುಂದೆ ಸರಿಯಿತು. ಈಗ ಉತ್ತರ ಕೊಟ್ಟದ್ದು ರಿಲೇ: ಕಳಿಸಿದವರ ವಿಳಾಸ ಈ ಖಾತೆಗೆ ಸೇರಿದ್ದಲ್ಲ, ದೋಷಸಂಖ್ಯೆ 553. ಅದೇ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ಪಿಎಚ್‌ಪಿಯ ಮೇಲ್ ಫಂಕ್ಷನ್ನಿನ ಐದನೆಯ ಸ್ಥಾನದಲ್ಲಿ ಲಕೋಟೆಯ ವಿಳಾಸವನ್ನು ನಾವೇ ಕೊಡುವ ಅವಕಾಶವಿದೆ. ಅಲ್ಲಿ ಗ್ರಂಥಪಾಲಕಿಯ ಡೊಮೇನ್ ವಿಳಾಸವನ್ನು ಬರೆದೆ. ತಲುಪದ ಪತ್ರಗಳೂ ಇನ್ನು ಮುಂದೆ ಅವರಿಗೇ ಹೋಗುತ್ತವೆ. ಆದರೆ ಅವರ ವಿಳಾಸಕ್ಕೆ ಕಳಿಸಿದ ಪ್ರತಿ ಮಾತ್ರ ‘ಯೂಸರ್ ಅನ್ನೋನ್’ ಎಂದು ಯಂತ್ರದೊಳಗೇ ಬೀಳುತ್ತಿತ್ತು. ಸ್ಥಳೀಯವೆಂದು ಪೋಸ್ಟ್‌ಫಿಕ್ಸ್ ಭಾವಿಸುವ ಹೆಸರುಗಳ ಸಾಲಿನಲ್ಲಿ ನಮ್ಮ ಡೊಮೇನೂ ಸೇರಿತ್ತು. ಅದನ್ನು ತೆಗೆದೆ, ಸರಿಯಾಯಿತು.

ಅಂದು ರಾತ್ರಿ ಪತ್ರ ಮೇಷ್ಟ್ರಿಗೆ ತಲುಪಿತು, ಆದರೆ ಸ್ಪ್ಯಾಮ್ ಫೋಲ್ಡರಿನಲ್ಲಿ. ಅವರ ಮನೆಗೆ ಹೋಗಿ ಪತ್ರದ ಮೂಲರೂಪವನ್ನು ತೆರೆದು ನೋಡಿದೆ. ಎಸ್‌ಪಿಎಫ್ ಎದುರು ‘ಪರ್ಮ್‌ಎರರ್’ (ದಾಖಲೆಯಲ್ಲೇ ದೋಷ) ಎಂದಿತ್ತು, ಪತ್ರ ನಮ್ಮ ಡೊಮೇನಿನದೇ ಎಂದು ಸಾರುವ ಡಿಕಿಮ್ ಸಹಿಯೇ ಇರಲಿಲ್ಲ. ನಮ್ಮ ಡೊಮೇನಿನ ಪರವಾಗಿ ಯಾವ ಯಂತ್ರಗಳು ಪತ್ರ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ದಾಖಲೆಯನ್ನು ನಾನು ಮೊದಲೇ, ಮನೆಯ ಐಪಿಯನ್ನು ಕೊಟ್ಟು, ಬರೆದಿದ್ದೆ. ರಿಲೇಯವರು ಕೊಟ್ಟ ಸಾಲನ್ನು ಅದರ ಕೆಳಗೆ ಇನ್ನೊಂದು ದಾಖಲೆಯಾಗಿ ಸೇರಿಸಿದ್ದೆ. ಒಂದು ಹೆಸರಿಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕೆಂಬುದು ಕಟ್ಟಳೆ. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಹಳೆಯದನ್ನು ಅಳಿಸಿದೆ. ಡಿಕಿಮ್‌ಗಾಗಿ ಸೇವೆಯವರು 2048 ಬಿಟ್‌ನ ಕೀಲಿ ಕೊಟ್ಟರು. ಡಿಎನ್‌ಎಸ್‌ನ ಪಠ್ಯ ದಾಖಲೆಯ ಒಂದು ತುಂಡು 255 ಅಕ್ಷರಗಳನ್ನು ಮೀರುವಂತಿಲ್ಲ, ಈ ಕೀಲಿ ಮೀರುತ್ತದೆ. ಆದ್ದರಿಂದ ಎರಡು ತುಂಡುಗಳಾಗಿ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕಾಯಿತು. ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ದಾಖಲೆಯನ್ನು ಮೊದಲಿಗೆ ವರದಿ ಮಾತ್ರ ಕೇಳುವ ಸಡಿಲ ನೀತಿಯಲ್ಲಿ ಇಟ್ಟೆ. 2024ರ ಫೆಬ್ರುವರಿಯಿಂದ ಜಿಮೇಲ್ ಎಲ್ಲ ಕಳಿಸುವವರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ ಅಪೇಕ್ಷಿಸುತ್ತದೆ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಈ ಎರಡೂ ಮತ್ತು ಡಿಮಾರ್ಕ್ ಕಡ್ಡಾಯ. ನಮ್ಮದು ದಿನಕ್ಕೆ ಹತ್ತಾರು ಪತ್ರಗಳ ವ್ಯವಹಾರ. ಆದರೂ ಮೂರನ್ನೂ ಇಟ್ಟುಕೊಳ್ಳುವುದು ನೇರವಾದ ದಾರಿ.

ಇಲ್ಲಿಯವರೆಗಿನದು ಯಾವ ಭಾಷೆಯ ಪತ್ರಕ್ಕೂ ಅನ್ವಯಿಸುವ ಸಂಗತಿ. ಮುಂದಿನದು ಕನ್ನಡದಲ್ಲಿ ಪತ್ರ ಬರೆಯುವವರು ವಿಶೇಷವಾಗಿ ಗಮನಿಸಬೇಕಾದದ್ದು. ಪತ್ರ ಇನ್‌ಬಾಕ್ಸಿಗೆ ಬರತೊಡಗಿದ ಮೇಲೆ ಮೇಷ್ಟ್ರು ತಮ್ಮ ಫೋನನ್ನು ನನ್ನ ಮುಂದೆ ಹಿಡಿದು, “ಈ ‘ಪುಸ್ತಕ’ದ ನಡುವೆ ಇದೇನಪ್ಪ?” ಎಂದು ಕೇಳಿದರು. ದೀರ್ಘವಾದ ಒಂದು ಪ್ಯಾರಾದ ಮಧ್ಯದಲ್ಲಿ ‘ಸ್ತ’ ಇರಬೇಕಾದಲ್ಲಿ ಪ್ರಶ್ನೆಚಿಹ್ನೆ ಹೊತ್ತ ಕಪ್ಪು ವಜ್ರಾಕೃತಿಗಳು, ಒಂದು ಖಾಲಿ ಜಾಗ, ಮತ್ತೆ ಸರಿಯಾದ ಅಕ್ಷರಗಳು. ಅದೇ ಪ್ಯಾರಾದಲ್ಲಿ, ಇನ್ನಷ್ಟು ಸಾಲುಗಳ ಕೆಳಗೆ, ಇನ್ನೊಂದು ಕಡೆ ಹಾಗೆಯೇ. ಅಕ್ಷರಶೈಲಿಯ ದೋಷವಾಗಿದ್ದರೆ ‘ಸ್ತ’ ಬಂದಲ್ಲೆಲ್ಲ ಆಗಬೇಕಿತ್ತು, ಹಾಗೆ ಆಗಿರಲಿಲ್ಲ.

ಇಮೇಲಿನ ಕಟ್ಟಳೆಯಲ್ಲಿ ಒಂದು ಸಾಲು 998 ಬೈಟ್ ಮೀರಬಾರದು. ಮೀರಿದರೆ ಪೋಸ್ಟ್‌ಫಿಕ್ಸ್ ಅಲ್ಲಿ ಸಾಲನ್ನು ಮುರಿದು, ಮುಂದಿನ ಸಾಲಿನ ಆರಂಭದಲ್ಲಿ ಒಂದು ಖಾಲಿ ಜಾಗ ಸೇರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ 998ರ ಗಡಿ ಅವರಿಗೆ ಬಹು ದೂರ, ಮುರಿದರೂ ಅಕ್ಷರ ಕೆಡದು. ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟ್. ‘ಸ್ತ’ ಎಂಬ ಒಂದು ಒತ್ತಕ್ಷರ ಸಕಾರ, ಹಲಂತದ ಗುರುತು, ತಕಾರ ಎಂದು ಮೂರು ಸಂಕೇತಗಳಾಗಿ 9 ಬೈಟ್ ಹಿಡಿಯುತ್ತದೆ. ಹೀಗೆ 332 ಸಂಕೇತಗಳಿಗೇ ಗಡಿ ಮುಗಿಯುತ್ತದೆ. 998 ಮೂರರಿಂದ ಭಾಗವಾಗುವ ಸಂಖ್ಯೆಯೂ ಅಲ್ಲವಾದ್ದರಿಂದ ಬರೀ ಕನ್ನಡದ ಸಾಲು ಒಂದು ಸಂಕೇತದ ಹೊಟ್ಟೆಯಲ್ಲೇ ತುಂಡಾಗುತ್ತದೆ. ತಾಣದ ನಮೂನೆಯಲ್ಲಿ ಗ್ರಂಥಪಾಲಕಿ ಎಂಟರ್ ಒತ್ತದೆ ಒಂದೇ ಉಸಿರಿಗೆ ಬರೆದ ಪ್ಯಾರಾ ಪಿಎಚ್‌ಪಿಯ ದೃಷ್ಟಿಯಲ್ಲಿ ಒಂದೇ ಸಾಲು. ಪರಿಹಾರ ಸರಳ: ಪತ್ರದ ಒಡಲನ್ನು ಸರಳ ಇಂಗ್ಲಿಷ್ ಚಿಹ್ನೆಗಳಷ್ಟೇ ಇರುವ ಬೇಸ್64 ರೂಪಕ್ಕೆ ತಿರುಗಿಸಿ, 76 ಅಕ್ಷರಕ್ಕೊಂದು ಸಾಲಿನಂತೆ ತುಂಡರಿಸಿ, ಹಾಗೆ ಮಾಡಿದೆಯೆಂದು ತಲೆಬರಹದಲ್ಲಿ ಹೇಳುವುದು. ವಿಷಯದ ಸಾಲಿಗೂ ಇದೇ ಎಚ್ಚರ ಬೇಕು. ಅಲ್ಲಿ ಕನ್ನಡವನ್ನು ಹಾಗೆಯೇ ತುರುಕದೆ ಪಿಎಚ್‌ಪಿಯ ಎಂಬಿ-ಎನ್‌ಕೋಡ್-ಮೈಮ್‌ಹೆಡರ್ ಫಂಕ್ಷನ್ ಮೂಲಕ ಹಾಯಿಸಬೇಕು. ಮಾದರಿ ಕೋಡುಗಳನ್ನು ಬರೆದವರು ಇಂಗ್ಲಿಷ್ ಪತ್ರದಿಂದ ಪರೀಕ್ಷಿಸಿರುತ್ತಾರೆ, ಹಾಗಾಗಿ ಈ ದೋಷ ಅವರ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಅಕ್ಷರಗಳು ಒಡೆಯದೆ ತಲುಪುವಂತೆ ನೋಡಿಕೊಳ್ಳುವ ಕೆಲಸ ನಮ್ಮದೇ.

ಎಲ್ಲವೂ ಸರಿಯಾಗಿ ಎರಡು ವಾರ ಕಳೆಯಿತು. ಆಮೇಲೆ ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟು ಹೋಯಿತು, ಮರುದಿನ ಮತ್ತೆ ಪತ್ರಗಳು ನಿಂತವು. ಈ ಸಲದ ದೂರು: ರಿಲೇಯ ಹೆಸರೇ ಸಿಗುತ್ತಿಲ್ಲ, ಮತ್ತೆ ಯತ್ನಿಸಿ. ಅದೇ ಯಂತ್ರದಲ್ಲಿ ಡಿಗ್ ಆಜ್ಞೆಯಿಂದ ಕೇಳಿದರೆ ಹೆಸರು ತಕ್ಷಣ ಸಿಗುತ್ತದೆ. ಡೆಬಿಯನ್ 12ರಲ್ಲಿ ಪೋಸ್ಟ್‌ಫಿಕ್ಸ್‌ನ ಕಳಿಸುವ ಭಾಗ ಒಂದು ಬೇಲಿಯೊಳಗೆ, ಕ್ರೂಟ್‌ನಲ್ಲಿ, ಓಡುತ್ತದೆ; ಡಿಎನ್‌ಎಸ್ ಸರ್ವರಿನ ವಿಳಾಸವಿರುವ ರಿಸಾಲ್ವ್ ಕಡತದ ಒಂದು ನಕಲನ್ನು ಅದು ಆರಂಭವಾಗುವಾಗ ಬೇಲಿಯೊಳಗೆ ಇಟ್ಟುಕೊಳ್ಳುತ್ತದೆ. ಕರೆಂಟು ಬಂದಾಗ ಪೈ ನಮ್ಮ ರೂಟರಿಗಿಂತ ಮೊದಲೇ ಎದ್ದಿತ್ತು. ಆಗ ಮೂಲ ಕಡತದಲ್ಲಿ ಸರ್ವರಿನ ವಿಳಾಸವೇ ಇರಲಿಲ್ಲ, ನಕಲೂ ಖಾಲಿ. ಆಮೇಲೆ ಮೂಲ ತುಂಬಿದರೂ ನಕಲು ಖಾಲಿಯಾಗಿಯೇ ಉಳಿದಿತ್ತು. ಎರಡು ಕಡತಗಳನ್ನು ಅಕ್ಕಪಕ್ಕದಲ್ಲಿ ತೆರೆದಾಗ ಇದು ಒಂದೇ ನೋಟಕ್ಕೆ ತಿಳಿಯಿತು. ಹೊರಗಿನಿಂದ ಪತ್ರ ಸ್ವೀಕರಿಸದ ಈ ಪುಟ್ಟ ಯಂತ್ರಕ್ಕೆ ಆ ಬೇಲಿಯಿಂದ ಸಿಗುವ ರಕ್ಷಣೆ ಅಲ್ಪವೆಂದು ನನಗನ್ನಿಸಿತು. ಮಾಸ್ಟರ್ ಕಡತದಲ್ಲಿ ಕಳಿಸುವ ಭಾಗದ ಸಾಲುಗಳ ಕ್ರೂಟ್ ಅಂಕಣಕ್ಕೆ ‘ಇಲ್ಲ’ ಎಂದು ಬರೆದು, ಪೋಸ್ಟ್‌ಫಿಕ್ಸನ್ನು ಮರುಚಾಲನೆ ಮಾಡಿದೆ. ನಂತರ ಮನೆಯ ಮೇನ್ ಸ್ವಿಚ್ ಆರಿಸಿ, ಹತ್ತು ನಿಮಿಷ ಬಿಟ್ಟು ಹಾಕಿ, ಪತ್ರ ಹೋಗುವುದನ್ನು ಕಣ್ಣಾರೆ ನೋಡಿದೆ.

ಒಂದು ಅಂಶ ಮಾತ್ರ ಉಳಿದಿತ್ತು. ಪತ್ರ ತಲುಪದಿದ್ದರೆ ಗ್ರಂಥಪಾಲಕಿಗೆ ತಿಳಿಸುವುದು ಇನ್ನೊಂದು ಪತ್ರ. ಹೊರದಾರಿಯೇ ಮುಚ್ಚಿದ ದಿನ ಆ ಪತ್ರವೂ ಅದೇ ಬಾಗಿಲಲ್ಲಿ ನಿಲ್ಲುತ್ತದೆ. ಆದ್ದರಿಂದ ಸರದಿಯಲ್ಲಿರುವ ಪತ್ರಗಳ ಸಂಖ್ಯೆಯನ್ನು ಹತ್ತು ನಿಮಿಷಕ್ಕೊಮ್ಮೆ ಎಣಿಸಿ, ಅವರು ದಿನವೂ ತೆರೆಯುವ ಪುಸ್ತಕ ಕೊಡುವ ಪುಟದ ಮೇಲ್ಭಾಗದಲ್ಲೇ ತೋರಿಸುವಂತೆ ಮಾಡಿದೆ. ತಾಣದ ‘ಕಳಿಸಲಾಗಿದೆ’ ಎಂಬ ಮಾತನ್ನೂ ತಿದ್ದಿದೆ. ಈಗ ಅಲ್ಲಿ ‘ಪತ್ರವನ್ನು ಅಂಚೆಗೆ ಹಾಕಲಾಗಿದೆ, ಕಾಲು ಗಂಟೆಯಲ್ಲಿ ಬಾರದಿದ್ದರೆ ಗ್ರಂಥಪಾಲಕರಿಗೆ ಫೋನು ಮಾಡಿ’ ಎಂದಿದೆ. ಮಳೆಗಾಲ ಮುಗಿಯುವವರೆಗೆ ಆ ಸಂಖ್ಯೆ ಸೊನ್ನೆಯನ್ನು ಬಿಟ್ಟು ಏರಿದ್ದು ಒಮ್ಮೆ ಮಾತ್ರ, ಇಂಟರ್‌ನೆಟ್ ತಂತಿ ಕಡಿದ ರಾತ್ರಿ. ಗ್ರಂಥಪಾಲಕಿ ಬೆಳಿಗ್ಗೆ ನೋಡಿದಾಗ ಅಲ್ಲಿ 4 ಇತ್ತು. ಮಧ್ಯಾಹ್ನ ತಂತಿ ಕೂಡಿಸಿದರು, ಸಂಜೆಗೆ ಮುನ್ನ 0 ಆಯಿತು.